ಲಾತೂರಿನ ವಕೀಲರಿಗೆ ಹುಮನಾಬಾದಿನಿಂದ ಒಂದು ಬಹಿರಂಗ ಪತ್ರ

ಹುಮನಾಬಾದ್,
ಸೆಪ್ಟೆಂಬರ್ 17

ಜನಾಬ್ ಖಾಸಿಂ ರಜ್ವಿ ಸಾಹೇಬರಿಗೆ,

ನೀವು 1970ರಲ್ಲಿ ಕರಾಚಿಯಲ್ಲಿ ತೀರಿಕೊಂಡಿರಿ. ಈ ಪತ್ರ ನಿಮ್ಮ ಕೈ ಸೇರುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇಂದು ನಮ್ಮಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ಹುಮನಾಬಾದಿನಲ್ಲೂ ಬಸವಕಲ್ಯಾಣದಲ್ಲೂ ಧ್ವಜ ಏರುತ್ತದೆ, ಸರ್ದಾರ್ ಪಟೇಲರ ಫೋಟೋಕ್ಕೆ ಹಾರ ಬೀಳುತ್ತದೆ, ಭಾಷಣದಲ್ಲಿ ನಿಮ್ಮ ಹೆಸರು ಬರುತ್ತದೆ. ಬಂದಷ್ಟೇ ಬೇಗ ಹೋಗಿಬಿಡುತ್ತದೆ. ನೀವು ಮಾಡಿದ್ದೇನು, ಅದು ನಿಮ್ಮಿಂದ ಹೇಗಾಯಿತು, ಊರೂರಿನ ಸಾಮಾನ್ಯ ಜನ ನಿಮ್ಮ ಹಿಂದೆ ಯಾಕೆ ಬಂದರು ಎಂಬುದನ್ನು ವೇದಿಕೆಯ ಮೇಲೆ ಯಾರೂ ಬಿಡಿಸಿ ಹೇಳುವುದಿಲ್ಲ. ರಜಾಕಾರ ಹಾವಳಿ ಎಂಬ ಎರಡು ಪದಗಳಲ್ಲಿ ಎಲ್ಲ ಮುಗಿಯುತ್ತದೆ, ಯಾವುದೋ ಪ್ಲೇಗು ಬಂದು ಹೋಯಿತೆಂಬ ಹಾಗೆ.

ನಮ್ಮ ಕಾಲೇಜಿನ ಹುಡುಗರು ಮಾತ್ರ ದಿನಾ ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ಫ್ಯಾಸಿಸ್ಟ್ ಎಂದು ಕರೆಯುತ್ತಾರೆ. ಕಟ್ಟುನಿಟ್ಟಿನ ಹೆಡ್‌ಮಾಸ್ತರರು ಹಿಟ್ಲರ್ ಆಗುತ್ತಾರೆ, ಮಾತು ಕೇಳದ ಶಾಸಕರು ಸರ್ವಾಧಿಕಾರಿ ಆಗುತ್ತಾರೆ. ಒಂದು ಪದವನ್ನು ಎಲ್ಲರ ಮೇಲೂ ಎಸೆಯುತ್ತಾ ಹೋದರೆ, ಅದು ನಿಜಕ್ಕೂ ತಕ್ಕ ಮನುಷ್ಯ ಬಾಗಿಲಿಗೆ ಬಂದ ದಿನ ಅವನನ್ನು ಕರೆಯಲು ನಮ್ಮ ಬಳಿ ಹೆಸರೇ ಉಳಿಯುವುದಿಲ್ಲ. ಇದು ನನಗೆ ನಿಜವಾದ ಆತಂಕ. ಇದನ್ನು ತಿಳಿದುಕೊಳ್ಳಲು ಹುಡುಗರನ್ನು ಇಟಲಿಗೋ ಜರ್ಮನಿಗೋ ಕಳಿಸಬೇಕಾಗಿಲ್ಲ. 1938ರಿಂದ 1948ರವರೆಗಿನ ಹತ್ತು ವರ್ಷದಲ್ಲಿ ನಿರಂಕುಶ ಆಳ್ವಿಕೆ ಹೇಗಿರುತ್ತದೆ, ಅದರ ಮೇಲೆ ಫ್ಯಾಸಿಸಂ ಹೇಗೆ ಹತ್ತಿ ಕೂರುತ್ತದೆ ಎಂಬೆರಡನ್ನೂ ಈ ಸೀಮೆ ಕಂಡಿದೆ. ಎರಡನೆಯದನ್ನು ತಂದವರು ನೀವು. ಅದಕ್ಕೇ ಪತ್ರ ನಿಮಗೆ. ಸಾಹೇಬರೇ ಎಂದು ಕರೆದದ್ದು ಅಣಕಕ್ಕಲ್ಲ, ನಮ್ಮ ಕಡೆ ವಕೀಲರನ್ನು ಕರೆಯುವುದೇ ಹಾಗೆ.

ಮೊದಲು ನಿಮ್ಮ ದೊರೆಯ ವಿಷಯ. ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಗಾದಿಗೆ ಬಂದರು. ಅವರ ರಾಜ್ಯದಲ್ಲಿ ಒಂದು ಕೋಟಿ ಅರವತ್ತು ಲಕ್ಷದಷ್ಟು ಜನ. ಅದರಲ್ಲಿ ಮುಸ್ಲಿಮರು ನೂರಕ್ಕೆ ಹನ್ನೆರಡೋ ಹದಿಮೂರೋ. ಉಳಿದವರಲ್ಲಿ ತೆಲುಗರು, ಮರಾಠಿಗರು, ಕನ್ನಡಿಗರೇ ಬಹುಪಾಲು. ಆದರೆ ಕಚೇರಿ, ಕೋರ್ಟು, ಮೇಲಿನ ಶಿಕ್ಷಣ, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಎಲ್ಲವೂ ಉರ್ದುವಿನಲ್ಲಿ. ಗಶ್ತಿ ನಿಶಾನ್ 53 ಎಂಬ ಒಂದು ಸುತ್ತೋಲೆ ಇತ್ತು. ಸಾರ್ವಜನಿಕ ಸಭೆ ನಡೆಸಬೇಕಾದರೆ ಮೊದಲು ಸರ್ಕಾರದ ಅನುಮತಿ ಬೇಕು ಎಂಬುದು ಅದರ ತಿರುಳು. ನಾಲ್ಕು ಜನ ಸೇರಿ ಗ್ರಂಥಾಲಯದ ಬಗ್ಗೆ ಮಾತಾಡಬೇಕೆಂದರೂ ಅಧಿಕಾರಿಯ ಮುಖ ನೋಡಬೇಕು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಅದು ಸರಿಯಾಗಿ ಹುಟ್ಟುವ ಮೊದಲೇ ನಿಷೇಧಿಸಿದರು, 1946ರವರೆಗೂ ಆ ನಿಷೇಧ ತೆಗೆಯಲಿಲ್ಲ. ಆರ್ಯಸಮಾಜದ ಮುಂದಾಳು ಶ್ಯಾಮಲಾಲ್ ಅದೇ 1938ರ ಡಿಸೆಂಬರಿನಲ್ಲಿ ಬೀದರಿನ ಜೈಲಿನಲ್ಲೇ ಸತ್ತರು. ಇಂದಿನ ಬಸವಕಲ್ಯಾಣ ಆಗ ಬರೀ ಕಲ್ಯಾಣಿ, ಒಬ್ಬ ನವಾಬರ ಜಾಗೀರು. ಅಲ್ಲಿನ ರೈತನಿಗೆ ಹೈದರಾಬಾದಿನ ದೊರೆಗಿಂತ ಮೊದಲು ಊರೊಳಗಿನ ದೊರೆ ಎದುರಾಗುತ್ತಿದ್ದ.

ಅನ್ಯಾಯದ ಆಳ್ವಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಪ್ರಜೆಯಿಂದ ಏನನ್ನು ಕೇಳುತ್ತಿತ್ತು ಎಂಬುದನ್ನು ನಮ್ಮ ಹುಡುಗರು ಗಮನಿಸಬೇಕು. ಅದು ಕೇಳಿದ್ದು ಸುಮ್ಮನಿರುವುದನ್ನು. ಕಂದಾಯ ಕಟ್ಟು, ಸಲಾಮು ಮಾಡು, ಸಭೆ ಸೇರಬೇಡ, ಪತ್ರಿಕೆ ಹಂಚಬೇಡ. ಮನೆಯೊಳಗೆ ಯಾವ ದೇವರನ್ನು ಪೂಜಿಸುತ್ತೀ, ಯಾರ ಜೊತೆ ಕೂತು ಉಣ್ಣುತ್ತೀ ಎಂಬುದರ ಮೇಲೆ ಅದಕ್ಕೆ ಅಷ್ಟು ಕಣ್ಣಿರಲಿಲ್ಲ. ಹುಮನಾಬಾದಿನಲ್ಲಿ ವೀರಭದ್ರೇಶ್ವರನ ತೇರು ಎಳೆಯುತ್ತಿದ್ದರು. ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳ ಸಕಲಮತ ಸಂಪ್ರದಾಯ ನಡೆದುಕೊಂಡು ಬರುತ್ತಿತ್ತು. ಕಲ್ಯಾಣಿಯಲ್ಲಿ ರಾಜಾ ಬಾಗ್ ಸವಾರರ ದರ್ಗಾಕ್ಕೆ ಎಲ್ಲ ಜಾತಿಯವರೂ ಹೋಗುತ್ತಿದ್ದರು. ಸ್ಪೇನಿನ ಫ್ರಾಂಕೋ ಆಡಳಿತವನ್ನು ಅಭ್ಯಾಸ ಮಾಡಿದ ಹುವಾನ್ ಲಿಂಜ್ ಎಂಬ ಸಮಾಜಶಾಸ್ತ್ರಜ್ಞರು 1964ರಲ್ಲಿ ಇಂಥ ಆಳ್ವಿಕೆಗೆ ಬೇರೆಯದೇ ಒಂದು ವರ್ಗ ಮಾಡಿದರು. ಅದು ವಿರೋಧವನ್ನು ತುಳಿಯುತ್ತದೆ, ಆದರೆ ಜಮೀನ್ದಾರರು, ಮಠಮಂದಿರಗಳು, ವ್ಯಾಪಾರಿಗಳು ತಮ್ಮ ತಮ್ಮ ಮೂಲೆಯಲ್ಲಿ ಇರಲು ಒಂದಿಷ್ಟು ಜಾಗ ಬಿಟ್ಟಿರುತ್ತದೆ. ಜನರನ್ನು ಬೀದಿಗಿಳಿಸುವ ಹುಮ್ಮಸ್ಸು ಅದಕ್ಕಿಲ್ಲ. ಬೀದಿಗಿಳಿದ ಜನರನ್ನು ಕಂಡರೆ ಅದಕ್ಕೇ ಭಯ.

ನೀವು ಬಂದ ಮೇಲೆ ಇದು ತಿರುವುಮುರುವಾಯಿತು.

ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ 1927ರಲ್ಲಿ ಹುಟ್ಟಿದ ಸಂಸ್ಥೆ. 1938ರಿಂದ ಬಹಾದುರ್ ಯಾರ್ ಜಂಗ್ ಅದನ್ನು ಬೆಳೆಸಿದರು, 1944ರಲ್ಲಿ ತೀರಿಕೊಂಡರು. 1946ರಲ್ಲಿ ನೀವು ಅದರ ಅಧ್ಯಕ್ಷರಾದಿರಿ. ಅಲ್ಲಿಯವರೆಗೆ ನೀವು ಲಾತೂರಿನ ಒಬ್ಬ ವಕೀಲರು, ನಮ್ಮ ಪಕ್ಕದ ಸೀಮೆಯವರು. ಸಂಸ್ಥೆಯ ಕೈಯಲ್ಲಿ ಅನಲ್ ಮಾಲಿಕ್ ಎಂಬ ಒಂದು ಸಿದ್ಧಾಂತ ಮೊದಲೇ ಇತ್ತು. ಈ ರಾಜ್ಯದ ಒಡೆತನ ನಿಜಾಮರೊಬ್ಬರದಲ್ಲ, ಅವರು ಬರೀ ಗುರುತು, ಪ್ರತಿಯೊಬ್ಬ ಮುಸ್ಲಿಮನೂ ಒಡೆತನದಲ್ಲಿ ಪಾಲುದಾರ ಎಂಬ ಮಾತು ಅದು. ನಾನು ನಿಮ್ಮ ವಿಷಯದಲ್ಲಿ ಬಹಳ ಹೊತ್ತು ನಿಂತು ಯೋಚಿಸಿದ್ದು ಇದೊಂದರ ಬಗ್ಗೆಯೇ. ಕಲ್ಯಾಣಿಯಲ್ಲಿ ಟಾಂಗಾ ಹೊಡೆಯುವ, ಹುಮನಾಬಾದಿನಲ್ಲಿ ಮಗ್ಗದ ಮುಂದೆ ಕೂರುವ, ಒಂದೆಕರೆ ನೆಲವೂ ಇಲ್ಲದ ಒಬ್ಬ ಬಡ ಮುಸ್ಲಿಮನನ್ನು ನೆನೆಯಿರಿ. ಅವನೂ ಅವನ ನೆರೆಮನೆಯ ಹಿಂದೂ ಕೂಲಿಯವನೂ ಒಂದೇ ಸಾಹುಕಾರನ ಸಾಲದಲ್ಲಿದ್ದವರು, ಒಂದೇ ಜಾಗೀರುದಾರನ ಬಿಟ್ಟಿ ಚಾಕರಿ ಮಾಡಿದವರು. ಅವನ ಸಾಲವನ್ನು ನೀವು ತೀರಿಸಲಿಲ್ಲ. ಅವನ ಮಕ್ಕಳನ್ನು ಶಾಲೆಗೆ ಹಾಕಲಿಲ್ಲ. ಜಾಗೀರುದಾರನ ಒಂದು ಬಿಘೆಯನ್ನೂ ಅವನಿಗೆ ಕೊಡಿಸಲಿಲ್ಲ. ನೀನು ದೊರೆ, ಪಕ್ಕದ ಮನೆಯವನು ನಿನ್ನ ಪ್ರಜೆ ಎಂದಿರಿ. ಕೈಗೆ ಬಂದೂಕೋ ಬರ್ಚಿಯೋ ಬಂತು. ಮೈಗೆ ಸಂಸ್ಥೆಯ ಸ್ವಯಂಸೇವಕ ಪಡೆಯಾದ ರಜಾಕಾರರ ಸಮವಸ್ತ್ರ ಬಂತು. ದಖನ್ನಿನಲ್ಲಿ ಮುಸ್ಲಿಂ ಅಧಿಕಾರದ ಮೇಲ್ಗೈಯನ್ನು ಕೊನೆಯವರೆಗೂ ಕಾಯುತ್ತೇನೆ ಎಂಬ ಪ್ರಮಾಣ ಬಂತು.

ಫ್ಯಾಸಿಸಂನ ವ್ಯವಹಾರವೇ ಇದು. ಬಡವನಿಗೆ ಬದುಕಿನಲ್ಲಿ ಏನನ್ನೂ ಕೊಡದೆ, ಇನ್ನೊಬ್ಬನಿಗಿಂತ ಮೇಲೆಂಬ ಸಂತೋಷವನ್ನು ಮಾತ್ರ ಕೊಟ್ಟು ಅವನ ಪ್ರಾಣವನ್ನು ಬರೆಸಿಕೊಳ್ಳುವುದು. ಸುಮ್ಮನಿರು ಎನ್ನುತ್ತಿದ್ದ ರಾಜ್ಯ ಈಗ ಸುಮ್ಮನಿರುವವನನ್ನೇ ಅನುಮಾನದಿಂದ ನೋಡತೊಡಗಿತು. ಕವಾಯತಿಗೆ ಬಾ, ಘೋಷಣೆ ಕೂಗು, ನಿನ್ನ ನೆರೆಯವನ ಮೇಲೆ ಕಣ್ಣಿಡು. ರಜಾಕಾರ ಆಗಲು ಒಲ್ಲೆ ಎಂದ ಮುಸ್ಲಿಮನೂ ನಿಮ್ಮ ಕಣ್ಣಿಗೆ ದ್ರೋಹಿಯಾದ. ರಾಬರ್ಟ್ ಪ್ಯಾಕ್ಸ್‌ಟನ್ ಎಂಬ ಇತಿಹಾಸಕಾರರು 2004ರ ತಮ್ಮ ಪುಸ್ತಕದಲ್ಲಿ ಫ್ಯಾಸಿಸಂ ಅನ್ನು ಅದರ ತತ್ವಗಳಿಂದ ಗುರುತಿಸಬೇಡಿ, ಅದು ಎಬ್ಬಿಸುವ ಭಾವಾವೇಶಗಳಿಂದ ಗುರುತಿಸಿ ಎಂದಿದ್ದಾರೆ. ನಮ್ಮ ಗುಂಪಿಗೆ ಅನ್ಯಾಯವಾಗಿದೆ, ನಾವು ಸುತ್ತುವರಿಯಲ್ಪಟ್ಟಿದ್ದೇವೆ, ಆದ್ದರಿಂದ ಶತ್ರುವಿನ ವಿರುದ್ಧ ನಾವು ಏನು ಮಾಡಿದರೂ ಸರಿ ಎಂಬ ಭಾವನೆ. ಅವರು ಬರೆದದ್ದು ಯುರೋಪನ್ನು ಎದುರಿಗಿಟ್ಟುಕೊಂಡು. ಓದಿದಾಗ ನನಗೆ ನೆನಪಾದದ್ದು 1948ರ ನಿಮ್ಮ ಭಾಷಣಗಳು. ಆಸಫ್‌ಜಾಹಿ ಬಾವುಟ ದಿಲ್ಲಿಯ ಕೆಂಪುಕೋಟೆಯ ಮೇಲೆ ಹಾರುತ್ತದೆ, ಬಂಗಾಳ ಕೊಲ್ಲಿಯ ಅಲೆಗಳು ನಿಜಾಮರ ಪಾದ ತೊಳೆಯುತ್ತವೆ ಎಂದು ನೀವು ಹೇಳಿದ್ದಾಗಿ ಪತ್ರಿಕೆಗಳಲ್ಲಿ ಬಂತು. ಕೇಳಿದವರು ಕುಣಿದರು. ಆ ಅಲೆಗಳಿಂದ ತಮ್ಮ ಹೊಲಕ್ಕೆ ಒಂದು ಕೊಡ ನೀರೂ ಬರುವುದಿಲ್ಲ ಎಂದು ಯಾರೂ ಕೇಳಲಿಲ್ಲ.

ಇನ್ನು ಒಂದು ರಾತ್ರಿಯ ವಿಷಯ ಹೇಳಬೇಕು. ನಮ್ಮ ಶಾಲೆಯ ಪಾಠಗಳಲ್ಲಿ ಅದು ಇರಲೇಬೇಕಾದ ದಿನಾಂಕ ಎಂಬುದು ನನ್ನ ಅಭಿಪ್ರಾಯ. 1947ರ ಅಕ್ಟೋಬರ್ 27ರ ಬೆಳಗಿನ ಜಾವ. ಭಾರತದ ಜೊತೆ ಯಥಾಸ್ಥಿತಿ ಒಪ್ಪಂದಕ್ಕೆ ನಿಜಾಮರು ಒಪ್ಪಿದ್ದರು. ಪ್ರಧಾನಿ ಛತಾರಿ ನವಾಬರು, ವಕೀಲ ವಾಲ್ಟರ್ ಮಾಂಕ್ಟನ್, ಸುಲ್ತಾನ್ ಅಹಮದ್ ಇವರ ನಿಯೋಗ ಆ ಬೆಳಿಗ್ಗೆ ದಿಲ್ಲಿಗೆ ಹಾರಬೇಕಿತ್ತು. ಅಷ್ಟರಲ್ಲಿ ನಿಮ್ಮ ಕಡೆಯ ಸಾವಿರಾರು ಜನ ಆ ಮೂವರ ಮನೆಗಳನ್ನು ಮುತ್ತಿದರು. ಹೊರಡಲು ಬಿಡಲಿಲ್ಲ. ನಿಯೋಗ ರಾಜೀನಾಮೆ ಕೊಟ್ಟಿತು, ನಿಜಾಮರು ನಿಮಗೆ ಒಪ್ಪಿಗೆಯಾಗುವ ಹೊಸ ನಿಯೋಗ ಮಾಡಿದರು, ಛತಾರಿ ನವಾಬರು ಹೋದರು, ಕೈಗಾರಿಕೋದ್ಯಮಿ ಲಾಯಕ್ ಅಲಿ ಪ್ರಧಾನಿಯಾದರು. ಒಪ್ಪಂದಕ್ಕೆ ಕೊನೆಗೆ ನವೆಂಬರ್ 29ರಂದು ಸಹಿ ಬಿತ್ತು, ಅದರಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ. ಬದಲಾದದ್ದು ರಾಜ್ಯ ಯಾರ ಕೈಯಲ್ಲಿದೆ ಎಂಬುದು.

ಆ ರಾತ್ರಿಗಿಂತ ಹೆಚ್ಚುಕಡಿಮೆ ಇಪ್ಪತ್ತೈದು ವರ್ಷ ಹಿಂದೆ, 1922ರ ಅಕ್ಟೋಬರ್ 28ರಂದು, ಮುಸೊಲಿನಿಯ ಕಪ್ಪಂಗಿಯವರು ರೋಮಿನ ಕಡೆ ಹೊರಟಿದ್ದರು. ಇಟಲಿಯ ಸೈನ್ಯಕ್ಕೆ ಅವರನ್ನು ಚದುರಿಸುವುದು ಕಷ್ಟವೇನಿರಲಿಲ್ಲ. ಪ್ರಧಾನಿ ಫಾಕ್ತಾ ಸೈನಿಕ ಕಾಯ್ದೆಯ ಆದೇಶ ಬರೆಸಿ ತಂದಿದ್ದರು, ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲಿಲ್ಲ. ಎರಡು ದಿನದಲ್ಲಿ ಮುಸೊಲಿನಿಯನ್ನೇ ಕರೆದು ಪ್ರಧಾನಿ ಮಾಡಿದರು. ಹಳೆಯ ಅಧಿಕಾರದವರು ಎಲ್ಲ ಕಡೆ ಲೆಕ್ಕ ಹಾಕುವುದು ಹೀಗೆಯೇ. ಈ ಗದ್ದಲದವರನ್ನು ಸ್ವಲ್ಪ ದಿನ ಇಟ್ಟುಕೊಳ್ಳೋಣ, ನಮ್ಮ ಶತ್ರುಗಳನ್ನು ಇವರು ಹೆದರಿಸಲಿ, ಆಮೇಲೆ ನಾವೇ ಇವರನ್ನು ಹದ್ದುಬಸ್ತಿಗೆ ತರೋಣ. ನಿಮ್ಮ ನಿಜಾಮರೂ ಹಾಗೆಯೇ ಎಣಿಸಿದ್ದರು. ಜಾಗೀರುದಾರರು ದಿಲ್ಲಿಯ ಕಾಂಗ್ರೆಸ್ಸಿಗೂ ತೆಲಂಗಾಣದ ಕಮ್ಯುನಿಸ್ಟರಿಗೂ ಹೆದರಿ ನಿಮಗೆ ದಾರಿ ಬಿಟ್ಟರು. ತಮ್ಮ ಬಲದಿಂದಲೇ ಅಧಿಕಾರಕ್ಕೆ ಬಂದ ಫ್ಯಾಸಿಸ್ಟ್ ಗುಂಪನ್ನು ನಾನು ಚರಿತ್ರೆಯಲ್ಲಿ ಕಂಡಿಲ್ಲ. ಒಳಗಿನಿಂದ ಯಾರಾದರೂ ಬಾಗಿಲು ತೆಗೆದೇ ಇರುತ್ತಾರೆ.

ಬಾಗಿಲು ತೆಗೆದ ಮೇಲೆ ಆದದ್ದನ್ನು ಗೋರಟಾ ಹೇಳುತ್ತದೆ. ಬಸವಕಲ್ಯಾಣ ಸೀಮೆಯ ಆ ಹಳ್ಳಿಯ ಮೇಲೆ 1948ರ ಮೇ 9ರಂದು ನಿಮ್ಮ ರಜಾಕಾರರು ಬಿದ್ದರು. ಸತ್ತವರು ಇನ್ನೂರರ ಆಸುಪಾಸು ಎಂದು ಊರವರು ಹೇಳುತ್ತಾ ಬಂದಿದ್ದಾರೆ. ಮನೆಗಳು ಲೂಟಿಯಾದವು, ಸುಟ್ಟವು. ಆ ವರ್ಷ ಗಡಿಯ ಹಳ್ಳಿಗಳ ಜನ ಹೊಲಮನೆ ಬಿಟ್ಟು ಸೊಲ್ಲಾಪುರ, ಬಾರ್ಶಿ ಕಡೆಗೆ ಹೋದರು. ತೆಂಕಣದವರು ಗದಗ, ಮುಂಡರಗಿಗಳಲ್ಲಿ ಶಿಬಿರ ಮಾಡಿದರು. ಗೋರಟಾದ ಹಿರಿಯರು ಈ ಕಥೆಯನ್ನು ದಶಕಗಳ ಕಾಲ ಹೆಚ್ಚು ಜನ ಕೇಳುವವರಿಲ್ಲದೆ ಹೊತ್ತುಕೊಂಡಿದ್ದರು. 2023ರ ಮಾರ್ಚ್ 26ರಂದು ಕೇಂದ್ರ ಗೃಹಸಚಿವ ಅಮಿತ್ ಶಾ ಅಲ್ಲಿ ಹುತಾತ್ಮರ ಸ್ಮಾರಕವನ್ನು ಉದ್ಘಾಟಿಸಿದರು. 103 ಅಡಿ ಎತ್ತರದ ಧ್ವಜಸ್ತಂಭ ನಿಂತಿದೆ. ಸ್ಮಾರಕ ಬೇಕಿತ್ತು, ತಡವಾಗಿಯಾದರೂ ಆಗಿದೆ. ಆ ಸತ್ತವರ ಮುಂದೆ ನಿಂತು ಓಟಿನ ಲೆಕ್ಕ ಹಾಕುವವರ ಬಗ್ಗೆ ನನಗೆ ಸಿಟ್ಟಿದೆ, ಅವರು ಯಾವ ಪಕ್ಷದವರೇ ಇರಲಿ.

ಸಾಹೇಬರೇ, ಇದು ಹಿಂದೂ ಮುಸ್ಲಿಮರ ಜಗಳ ಎಂದು ನೀವು ಹೇಳುತ್ತಿದ್ದಿರಿ. ನಿಮ್ಮನ್ನು ದ್ವೇಷಿಸುವವರಲ್ಲೂ ಬಹಳ ಜನ ಇಂದು ಅದನ್ನೇ ಹೇಳುತ್ತಾರೆ. ಇಬ್ಬರಿಗೂ ಉತ್ತರವಾಗಿ ಒಬ್ಬ ಮನುಷ್ಯನಿದ್ದಾನೆ. ಶೋಯೆಬುಲ್ಲಾ ಖಾನ್, ಇಮ್ರೋಜ್ ಎಂಬ ಉರ್ದು ದಿನಪತ್ರಿಕೆಯ ಸಂಪಾದಕ, ವಯಸ್ಸು ಮೂವತ್ತೂ ಆಗಿರಲಿಲ್ಲ. ಹೈದರಾಬಾದು ಭಾರತವನ್ನು ಸೇರಬೇಕು, ರಜಾಕಾರರ ಪಡೆಯನ್ನು ವಿಸರ್ಜಿಸಬೇಕು ಎಂದು ಏಳು ಜನ ಮುಸ್ಲಿಂ ಪ್ರಮುಖರು ಸಹಿ ಮಾಡಿದ ಹೇಳಿಕೆಯನ್ನು ಆತ ಅಚ್ಚು ಹಾಕಿದ. 1948ರ ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಹೋಗುವಾಗ ಅವನಿಗೆ ಗುಂಡು ಹೊಡೆದರು, ಬರೆಯುವ ಕೈಯನ್ನು ಕಡಿದರು. ಫ್ಯಾಸಿಸಂ ಮೊದಲು ಹೆದರುವುದು ಹೊರಗಿನ ಶತ್ರುವಿಗಲ್ಲ. ಹೊರಗಿನ ಶತ್ರು ಅದಕ್ಕೆ ಬೇಕು, ಅವನಿಲ್ಲದೆ ಅದು ಬದುಕುವುದಿಲ್ಲ. ಅದಕ್ಕೆ ಸಹಿಸಲಾಗದವನು ನಮ್ಮವನೇ ಆಗಿದ್ದು ಇಲ್ಲ ಎನ್ನುವವನು. ಇಟಲಿಯಲ್ಲಿ ಸಂಸದ ಮಾತ್ತೆಯೊತ್ತಿ 1924ರ ಚುನಾವಣೆಯ ಅಕ್ರಮಗಳನ್ನು ಸಂಸತ್ತಿನಲ್ಲಿ ಎತ್ತಿ ಹೇಳಿದ, ಜೂನ್ 10ರಂದು ಅವನನ್ನು ಎತ್ತಿಕೊಂಡು ಹೋಗಿ ಕೊಂದರು. ಮುಂದಿನ ಜನವರಿಯಲ್ಲಿ ಮುಸೊಲಿನಿ ಅದೇ ಸಂಸತ್ತಿನಲ್ಲಿ ನಿಂತು ಆದದ್ದಕ್ಕೆಲ್ಲ ನಾನೇ ಹೊಣೆ ಎಂದ, ಯಾರೂ ಏನೂ ಮಾಡಲಿಲ್ಲ. ಆ ದಿನದಿಂದಲೇ ಅಲ್ಲಿ ನಿಜವಾದ ಸರ್ವಾಧಿಕಾರ ಶುರುವಾಯಿತೆಂದು ಎಣಿಸುತ್ತಾರೆ.

ನಮ್ಮ ಕಾಲದಲ್ಲಿ ನಮ್ಮ ನಾಡಿನಲ್ಲೇ ಇಂಥ ಎರಡು ಸಾವು ಆಗಿವೆ. ವಚನಗಳನ್ನು ಹುಡುಕಿ ಸಂಪಾದಿಸಿದ, ಕಲ್ಯಾಣದ ಕಥೆಯನ್ನು ನಾಟಕವಾಗಿಯೂ ಬರೆದ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಅವರ ಮನೆಯ ಮುಂದೆಯೇ ಕೊಂದರು. ಕೊಂದ ಆರೋಪ ಹೊತ್ತವರ ಧರ್ಮ ನಿಮ್ಮದಲ್ಲ. ಕೊಂದ ಕಾರಣ ಶೋಯೆಬುಲ್ಲಾ ಸತ್ತ ಕಾರಣವೇ. ಆ ಸುದ್ದಿ ಬಂದ ದಿನಗಳಲ್ಲಿ ನಮ್ಮ ಸೀಮೆಯಲ್ಲೂ ಸಂತೋಷಪಟ್ಟವರಿದ್ದರು ಎಂಬುದು ನನ್ನನ್ನು ಇಂದಿಗೂ ಸುಡುತ್ತದೆ.

ಎಲ್ಲ ಕ್ರೌರ್ಯಕ್ಕೂ ಫ್ಯಾಸಿಸಂ ಎಂಬ ಹೆಸರು ಹೊಂದುವುದಿಲ್ಲ, ಅದನ್ನೂ ಹೇಳಬೇಕು. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಕಳಚೂರಿ ಬಿಜ್ಜಳ ಹರಳಯ್ಯ ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದ ಎಂದು ಶರಣರ ಪರಂಪರೆ ನೆನೆಯುತ್ತದೆ. ಸಮಗಾರನ ಮಗನಿಗೂ ಬ್ರಾಹ್ಮಣನ ಮಗಳಿಗೂ ಮದುವೆ ಮಾಡಿದ್ದು ಅವರ ಅಪರಾಧ. ಅದು ದೊರೆಯ ದಂಡನೆ, ಜಾತಿಯ ದಂಡನೆ, ಫ್ಯಾಸಿಸಂಗಿಂತ ಬಹಳ ಹಳೆಯ ಕೇಡು. ಅದಕ್ಕೆ ಪಕ್ಷವೂ ಸಮವಸ್ತ್ರವೂ ರೇಡಿಯೋವೂ ಬೇಕಿರಲಿಲ್ಲ. ಇನ್ನು 1975ರ ಜೂನಿನಿಂದ 1977ರ ಮಾರ್ಚಿನವರೆಗಿನ ತುರ್ತುಪರಿಸ್ಥಿತಿ. ಸಂಸ್ಕಾರ ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ವಿಚಾರಣೆಯಿಲ್ಲದೆ ಬೆಂಗಳೂರು ಜೈಲಿನಲ್ಲಿಟ್ಟರು. ಆಸ್ತಮಾದಿಂದ ಒದ್ದಾಡಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಅವರು ತೀರಿಕೊಂಡರು. ಪತ್ರಿಕೆಗಳಿಗೆ ಸೆನ್ಸಾರ್ ಬಂತು. 1976ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಬಂಧಿತನಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕೂ ಇಲ್ಲ ಎಂದಿತು, ಐವರಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಭೀಕರವೇ. ಆದರೂ ಅದು ಹೆಚ್ಚಾಗಿ ನಿಜಾಮರ ದಾರಿಯ ಆಳ್ವಿಕೆ, ಬಾಯಿ ಮುಚ್ಚಿಸುವ ಆಳ್ವಿಕೆ. ನೆರೆಯವನನ್ನು ಬೇಟೆಯಾಡು ಎಂದು ಅದು ಪ್ರಜೆಗೆ ಹೇಳಲಿಲ್ಲ. ಈ ವ್ಯತ್ಯಾಸ ತಿಳಿದರೆ ತುರ್ತುಪರಿಸ್ಥಿತಿಯ ಪಾಪ ಕಡಿಮೆಯಾಗುವುದಿಲ್ಲ. ಯಾವ ರೋಗಕ್ಕೆ ಯಾವ ಔಷಧ ಎಂಬುದು ಮಾತ್ರ ತಿಳಿಯುತ್ತದೆ. ಬಾಯಿ ಮುಚ್ಚಿಸುವ ಆಳ್ವಿಕೆಯನ್ನು ಒಂದು ಚುನಾವಣೆ ಇಳಿಸಬಹುದು, 1977ರಲ್ಲಿ ಇಳಿಸಿತು. ನೆರೆಯವನನ್ನು ಬೇಟೆಯಾಡುವ ಅಭ್ಯಾಸ ಮಾಡಿಸಿದ ಚಳವಳಿ ಚುನಾವಣೆ ಸೋತರೂ ಊರೊಳಗೆ ಉಳಿಯುತ್ತದೆ. ಸೈನ್ಯವೇ ಬಂದು ಅದನ್ನು ಸೋಲಿಸಿದರೂ ಉಳಿಯುತ್ತದೆ.

ಅದನ್ನೂ ನಾವು ಕಂಡಿದ್ದೇವೆ. ಈ ಪತ್ರದಲ್ಲಿ ಬರೆಯಲು ಎಲ್ಲಕ್ಕಿಂತ ಕಷ್ಟವಾದ ಭಾಗ ಇದು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು, 17ರಂದು ನಿಜಾಮರು ಕೈಚೆಲ್ಲಿದರು. ನಮ್ಮ ಕಡೆ ಇದನ್ನು ಪೊಲೀಸ್ ಆ್ಯಕ್ಷನ್ ಎನ್ನುತ್ತಾರೆ. ನಿಮ್ಮನ್ನು ಬಂಧಿಸಿದರು. ರಜಾಕಾರರು ಸಮವಸ್ತ್ರ ಬಿಚ್ಚಿ ಓಡಿದರು. ಆಮೇಲೆ ಹಳ್ಳಿಗಳಲ್ಲಿ ಸೇಡು ಶುರುವಾಯಿತು. ಪ್ರಧಾನಿ ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡ ಆ ವರ್ಷದ ನವೆಂಬರ್ ಕೊನೆಯಿಂದ ಡಿಸೆಂಬರಿನಲ್ಲಿ ರಾಜ್ಯವನ್ನು ಸುತ್ತಿ ವರದಿ ಬರೆಯಿತು. ಪೊಲೀಸ್ ಆ್ಯಕ್ಷನ್ ಕಾಲದಲ್ಲಿ ಮತ್ತು ನಂತರ ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅವರ ಅಂದಾಜು. ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ಕೇಡು ಕಂಡ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ಅಂದಿನ ಬೀದರ ಜಿಲ್ಲೆಯಲ್ಲಿ ಉದಗೀರ, ನಿಲಂಗಾ, ಅಹಮದಪುರಗಳೂ ಇದ್ದವು. ಕೆಲವು ಕಡೆ ಸೇನೆಯವರು, ಪೊಲೀಸರು ಲೂಟಿಗೆ ಕುಮ್ಮಕ್ಕು ಕೊಟ್ಟರು ಎಂದೂ ವರದಿ ಹೇಳಿತು. ಪ್ರಾಣದ ಹಂಗಿಲ್ಲದೆ ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳ ಬಗ್ಗೆಯೂ ಹೇಳಿತು. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ಸಂಶೋಧಕರ ಕೈಗೆ ಪೂರ್ತಿಯಾಗಿ ಬರಲು ದಶಕಗಳೇ ಹಿಡಿದವು.

ಸತ್ತವರಲ್ಲಿ ಬಹಳ ಜನ ರಜಾಕಾರರ ಸಮವಸ್ತ್ರ ತೊಟ್ಟವರೇ ಅಲ್ಲ. ನೀನು ದೊರೆ ಎಂದು ನೀವು ಹೇಳಿದ ಆ ಟಾಂಗಾದವನು, ಆ ನೇಕಾರ, ಅವರ ಹೆಂಡಿರು ಮಕ್ಕಳು ಸತ್ತರು. ನೀವು ಬದುಕಿದಿರಿ. ನಿಮಗೆ ವಕೀಲರು ಸಿಕ್ಕರು, ವಿಚಾರಣೆ ಸಿಕ್ಕಿತು, ಮೇಲ್ಮನವಿ ಸಿಕ್ಕಿತು. ಶಿಕ್ಷೆ ಮುಗಿಸಿ 1957ರಲ್ಲಿ ಹೊರಬಂದು ಪಾಕಿಸ್ತಾನಕ್ಕೆ ಹೋದಿರಿ. ನಿಮಗೆ ನ್ಯಾಯಾಲಯ ಸಿಕ್ಕಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಸಿಗಲೇಬೇಕಿತ್ತು, ಸಿಕ್ಕಿದ್ದು ಈ ದೇಶದ ಮರ್ಯಾದೆ. ಗೋರಟಾದವರಿಗೆ, ಶೋಯೆಬುಲ್ಲಾನಿಗೆ, ಸೆಪ್ಟೆಂಬರಿನ ನಂತರ ಸತ್ತ ನೇಕಾರನಿಗೆ ಅದು ಸಿಗಲಿಲ್ಲ. ನಿಮ್ಮ ನಿಜಾಮರು 1950ರಿಂದ 1956ರವರೆಗೆ ಇದೇ ಗಣರಾಜ್ಯದಲ್ಲಿ ರಾಜಪ್ರಮುಖರಾಗಿದ್ದರು. ದೊಡ್ಡವರು ಉಳಿದರು.

ಸೇಡು ತೀರಿಸಿಕೊಂಡವರು ನಿಮ್ಮನ್ನು ಸೋಲಿಸಿದೆವೆಂದು ತಿಳಿದರು. ನೆರೆಯವನ ಹೆಸರು ಕೇಳಿಯೇ ಅವನ ತಪ್ಪನ್ನು ತೀರ್ಮಾನಿಸುವುದು ನೀವು ಕಲಿಸಿದ ಪಾಠ, ಅವರು ಅದನ್ನೇ ಒಪ್ಪಿಸಿದರು. ಫ್ಯಾಸಿಸಂ ಒಂದು ಧರ್ಮದ್ದಲ್ಲ, ಒಂದು ದೇಶದ್ದಲ್ಲ. ಅದರ ಕೆಲಸದ ಬಗೆಯನ್ನು ನೋಡಬೇಕು. ಯಾರ ನೋವು ಮಾತ್ರ ನೋವು ಎಂದು ಹೇಳಲಾಗುತ್ತಿದೆ? ನಾಯಕನನ್ನು ಪ್ರಶ್ನಿಸಿದವನಿಗೆ ದ್ರೋಹಿ ಎಂಬ ಹೆಸರು ಬೀಳುತ್ತಿದೆಯೇ? ಪೊಲೀಸರ ಕೆಲಸವನ್ನು ಬೀದಿಯ ಗುಂಪು ಮಾಡುತ್ತಿದೆಯೇ, ಪೊಲೀಸರು ನಿಂತು ನೋಡುತ್ತಿದ್ದಾರೆಯೇ? ಬಡವನ ಹೊಟ್ಟೆಯ ಪ್ರಶ್ನೆಗೆ ಉತ್ತರವಾಗಿ ಅವನ ಮುಂದೆ ಒಬ್ಬ ಶತ್ರುವನ್ನು ತಂದು ನಿಲ್ಲಿಸಲಾಗುತ್ತಿದೆಯೇ? ಈ ಪ್ರಶ್ನೆಗಳನ್ನು ನಮ್ಮ ಹುಡುಗರು ಎಲ್ಲ ಪಕ್ಷದವರಿಗೂ, ಎಲ್ಲ ಮಠ ಮಸೀದಿಯವರಿಗೂ ಕೇಳಬೇಕು. ತಮಗೆ ಇಷ್ಟವಾದ ನಾಯಕನಿಗೆ ಮೊದಲು ಕೇಳಬೇಕು.

1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಒಂದು ಎಚ್ಚರಿಕೆಯಿದೆ. ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿಯಾಗಬಹುದು, ರಾಜಕಾರಣದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ಒಯ್ಯುತ್ತದೆ ಎಂಬುದು ಅದರ ಸಾರ. ಭಕ್ತರ ಊರಾದ ಬಸವಕಲ್ಯಾಣಕ್ಕೆ ಈ ಮಾತು ಬೇರೆಲ್ಲ ಊರಿಗಿಂತ ಹೆಚ್ಚು ಅರ್ಥವಾಗಬೇಕು. ಇಲ್ಲಿನ ಭಕ್ತರು ದೊರೆಯ ಖಜಾನೆಯಲ್ಲಿ ಕೆಲಸ ಮಾಡುತ್ತಲೇ ದೊರೆಯನ್ನು ಪ್ರಶ್ನಿಸಿದವರು. ಅನುಭವ ಮಂಟಪದಲ್ಲಿ ಅಲ್ಲಮನ ಮುಂದೆ ಬಸವಣ್ಣನೂ ಉತ್ತರ ಹೇಳಬೇಕಿತ್ತು, ಅಕ್ಕಮಹಾದೇವಿಯೂ ಹೇಳಬೇಕಿತ್ತು. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು, ನೂರಾರು ಕೋಟಿ ರೂಪಾಯಿಯ ಕೆಲಸ. ಕಟ್ಟಡ ಎದ್ದ ಮೇಲೆ ಅದರೊಳಗೆ ಯಾರು ಯಾರನ್ನು ಏನು ಕೇಳಬಹುದು ಎಂಬುದನ್ನು ನಾನು ಕಾಯುತ್ತಿದ್ದೇನೆ.

ಸಾಹೇಬರೇ, ನಿಮಗೆ ಹೇಳಬೇಕಾದದ್ದು ಇಷ್ಟು. ಉಳಿದದ್ದು ಬೀದರ ಜಿಲ್ಲೆಯ ನನ್ನ ಜನಕ್ಕೆ. ಗೋರಟಾದಲ್ಲಿ ಬದುಕುಳಿದವರು ಹೇಳಿದ್ದನ್ನೂ ಸುಂದರಲಾಲ್ ವರದಿಯನ್ನೂ ಒಟ್ಟಿಗೆ ಓದಿ. ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿ, ಔರಾದಗಳ ಪ್ರತಿ ಹೈಸ್ಕೂಲು, ಕಾಲೇಜಿನ ಗ್ರಂಥಾಲಯದಲ್ಲಿ ಇವೆರಡೂ ಕನ್ನಡದಲ್ಲಿ ಒಂದೇ ಕಪಾಟಿನಲ್ಲಿ ಇರುವಂತೆ ಮಾಡಿ. ಮಾಸ್ತರರೇ, ಮುಂದಿನ ಸೆಪ್ಟೆಂಬರ್ 17ಕ್ಕೆ ಮಕ್ಕಳ ಕೈಲಿ ಭಾಷಣ ಮಾಡಿಸುವ ಮೊದಲು ಎರಡನ್ನೂ ಓದಿಸಿ. ಗೋರಟಾದ ಸ್ಮಾರಕಕ್ಕೆ ಹೋಗುವವರು ಶೋಯೆಬುಲ್ಲಾ ಖಾನನ ಹೆಸರನ್ನೂ ಅಲ್ಲಿ ಒಮ್ಮೆ ಹೇಳಿ. ನಿಮ್ಮ ನಿಮ್ಮ ಓಣಿಯಲ್ಲಿ 1948ರ ನೆನಪಿರುವ ಒಬ್ಬ ಹಿಂದೂ ಅಜ್ಜಿ, ಒಬ್ಬ ಮುಸ್ಲಿಂ ಅಜ್ಜ ಇನ್ನೂ ಬದುಕಿದ್ದರೆ ಈ ವಾರವೇ ಹೋಗಿ ಕೂತು ಕೇಳಿ, ಬರೆದಿಟ್ಟುಕೊಳ್ಳಿ. ಅವರಿಗೆ ಈಗ ಎಂಬತ್ತು ದಾಟಿದೆ.

ಇಂತಿ,
ಹುಮನಾಬಾದಿನ ಒಬ್ಬ ನಿವಾಸಿ